ಹುಣಸೂರಿನ ಎತ್ತುಗಳೂ ಚಲನೆಯ ನಿಯಮಗಳೂ

ಚಲನೆಯ ಮೂರು ನಿಯಮಗಳನ್ನು ನ್ಯೂಟನ್ 1687ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಆಗ ಮೈಸೂರನ್ನಾಳುತ್ತಿದ್ದವರು ಚಿಕ್ಕದೇವರಾಜ ಒಡೆಯರು. ಅವರ ‘ಬೆಣ್ಣೆ ಚಾವಡಿ’ಯ ದನದ ಹಿಂಡುಗಳೇ ಟಿಪ್ಪುವಿನ ಕಾಲದಲ್ಲಿ ‘ಅಮೃತ ಮಹಲ್’ ಎನಿಸಿದವು. ಹಾಲಿಗಿಂತ ಹೆಚ್ಚಾಗಿ ಫಿರಂಗಿಯೆಳೆಯುವ ಎತ್ತುಗಳಿಗೆ ಹೆಸರಾದವು. 1799ರ ಅನಂತರ ಇಂಗ್ಲಿಷರ ವಶವಾದ ಈ ಇಲಾಖೆಗೆ ಹುಣಸೂರು ಕೇಂದ್ರವಾಯಿತು.

ನ್ಯೂಟನ್ನನ ಮಾತನ್ನು ಈ ಎತ್ತುಗಳ ನೊಗದಲ್ಲಿಯೇ ಕಾಣಬಹುದು. ನಿಂತ ಫಿರಂಗಿ ನಿಂತೇ ಇರುತ್ತದೆ. ಅದನ್ನು ಕದಲಿಸಲು ಎತ್ತು ಮೈಯೆಲ್ಲ ಬಿಗಿದು ಬಾಗಬೇಕು. ಇದು ಜಡತ್ವ. ಉರುಳತೊಡಗಿದ ಮೇಲೆ ಸಮನೆಲದಲ್ಲಿ ಘರ್ಷಣೆಯನ್ನು ಗೆದ್ದರೆ ಸಾಕು. ದ್ರವ್ಯರಾಶಿ ಇಮ್ಮಡಿಯಾದರೆ ಅದೇ ವೇಗೋತ್ಕರ್ಷಕ್ಕೆ ಇಮ್ಮಡಿ ಬಲ ಬೇಕು. ದೊಡ್ಡ ಫಿರಂಗಿಗೆ ಹೆಚ್ಚು ಜೋಡಿಗಳನ್ನು ಹೂಡುತ್ತಿದ್ದುದು ಅದಕ್ಕಾಗಿಯೇ.

ಮೂರನೆಯ ನಿಯಮ ಸೂಕ್ಷ್ಮವಾದುದು. ಎತ್ತು ಗಾಡಿಯನ್ನು ಎಳೆದಷ್ಟೇ ಬಲದಿಂದ ಗಾಡಿಯೂ ಎತ್ತನ್ನು ಹಿಂದಕ್ಕೆಳೆಯುತ್ತದೆ. ಹಾಗಾದರೆ ಮುಂದೆ ಸಾಗುವುದೆಂತು? ಗೊರಸು ನೆಲವನ್ನು ಹಿಂದಕ್ಕೆ ಒತ್ತುತ್ತದೆ. ನೆಲ ಎತ್ತನ್ನು ಮುಂದಕ್ಕೆ ನೂಕುತ್ತದೆ. ಕೆಸರಿನಲ್ಲಿ ಗೊರಸು ಜಾರಿತೆಂದರೆ ಎಂಥ ಬಲಶಾಲಿಯೂ ಅಸಹಾಯನೇ.

1860ರಲ್ಲಿ ಮದರಾಸು ಸರ್ಕಾರ ಮಿತವ್ಯಯದ ಹೆಸರಿನಲ್ಲಿ ಹಿಂಡುಗಳನ್ನು ಮಾರಿಬಿಟ್ಟಿತು. ಆ ದಶಕ ಮುಗಿಯುವ ಮೊದಲೇ ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. ಮರೆತ ಸೂತ್ರವನ್ನು ಪುಸ್ತಕ ತೆರೆದು ನೆನೆದುಕೊಳ್ಳಬಹುದು. ತಲೆಮಾರುಗಳು ಆಯ್ದು ಬೆಳೆಸಿದ ತಳಿ ಒಮ್ಮೆ ಚದುರಿತೆಂದರೆ, ಅದನ್ನು ಮರಳಿ ಕೂಡಿಸಲು ಅಪ್ಪಣೆಯೊಂದೇ ಸಾಲದು. ಕಾಲ ಬೇಕು, ಕಣ್ಣರಿತ ಗೊಲ್ಲರು ಬೇಕು.