ಡಿವಿಜಿಯ ಕುದುರೆ ಎಲ್ಲಿ ಹೋಯ್ತು?

ಇದು ಈ ವಾರದ ವಿಡಿಯೋದ ಬರಹರೂಪ. ಆಫೀಸ್ ಗಡಿಬಿಡಿಯಲ್ಲಿ ನೋಡೋಕೆ ಆಗದವರು ಇಲ್ಲೇ ಓದ್ಕೊಳ್ಳಿ.

ಹೋದ ನವೆಂಬರ್‌ನಲ್ಲಿ ವೈಶಾಲಿಯ ಗೆಳೆಯರ ಸೊಸೈಟಿಯಲ್ಲಿ ಒಂದಷ್ಟು ಕನ್ನಡ ಕುಟುಂಬಗಳು ಸೇರಿ ರಾಜ್ಯೋತ್ಸವ ಮಾಡಿದ್ವಿ. ಕೊನೆಗೆ ಹಾಕಿದ ಹಾಡು ಯಾವುದು ಅಂತ ಹೇಳಬೇಕಾ? ‘ಆಕಸ್ಮಿಕ’ ಚಿತ್ರದಲ್ಲಿ ರಾಜ್‌ಕುಮಾರ್ ಜಟಕಾದಲ್ಲಿ ಸಾಗುತ್ತಾ ಹಾಡ್ತಾರಲ್ಲ, ಅದೇ. ಎಲ್ಲರೂ ಕುಣಿದ್ವಿ. ಇಂದಿರಾಪುರಂಗೆ ಇ-ರಿಕ್ಷಾದಲ್ಲಿ ವಾಪಸ್ ಬರುವಾಗ ಮಗಳು ಕೇಳಿದಳು: “ಅಪ್ಪಾ, ಜಟಕಾ ಅಂದ್ರೆ ಏನು?”

“ಇದೇ ಥರ ಬಾಡಿಗೆ ಗಾಡಿ. ಎಳೆಯೋದು ಕುದುರೆ.”

“ಮತ್ತೆ ಹಾಡಲ್ಲಿ ಕುದುರೆ ಯಾರು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ ಹುಡುಕುತ್ತಾ ಕೂತೆ.

ಬದುಕನ್ನು ಜಟಕಾ ಬಂಡಿಗೆ ಹೋಲಿಸಿದ್ದು ಡಿ.ವಿ. ಗುಂಡಪ್ಪನವರು. 1943ರಲ್ಲಿ ಬಂದ ‘ಮಂಕುತಿಮ್ಮನ ಕಗ್ಗ’ದಲ್ಲಿ ನಾಲ್ಕು ಸಾಲಿನ 945 ಪದ್ಯಗಳಿವೆ. ಅವುಗಳಲ್ಲಿ ಹೆಚ್ಚು ಜನರ ಬಾಯಲ್ಲಿ ಉಳಿದದ್ದು ಇದು. ಆದರೆ ಹೋಲಿಕೆಯ ಬೇರು ಇನ್ನೂ ಹಳೆಯದು. ಕಠೋಪನಿಷತ್ತಿನಲ್ಲಿ ದೇಹ ರಥ, ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆ. ಆತ್ಮ ಮಾತ್ರ ರಥದ ಒಡೆಯ. ಡಿವಿಜಿಗೆ ಇದು ಗೊತ್ತಿಲ್ಲದ್ದೇನಲ್ಲ. ಗೀತೆಯ ಮೇಲಿನ ಅವರ ‘ಜೀವನಧರ್ಮಯೋಗ’ಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೂ ಕಗ್ಗದಲ್ಲಿ ರಥವನ್ನು ಬೀದಿಗಿಳಿಸಿ ಬಾಡಿಗೆ ಬಂಡಿ ಮಾಡಿದರು. ಒಡೆಯನಾಗಿ ಕೂತಿದ್ದ ಮನುಷ್ಯನನ್ನೂ ಕೆಳಗಿಳಿಸಿದರು. ಗಾಡಿ ಓಡಿಸೋದು ವಿಧಿ. ನೀನು ಕುದುರೆ. ಶುಭಕ್ಕೋ ಅಶುಭಕ್ಕೋ, ಅವನು ತಿರುಗಿಸಿದ ಕಡೆ ಓಡು!

ಪದ್ಯದಲ್ಲಿ ವಿಧಿಗೆ ‘ಸಾಹೇಬ’ ಅಂತಾರೆ. ನಾನು ಇಷ್ಟು ದಿನ ಅದನ್ನು ‘ಬಾಸ್’ ಅಂದ್ಕೊಂಡಿದ್ದೆ. ಅಪ್ಪನಿಗೆ ಫೋನ್ ಮಾಡಿದಾಗ ನಕ್ಕರು. “ಅಲ್ವೋ, ಬೆಂಗಳೂರಲ್ಲಿ ಜಟಕಾ ಹೊಡೀತಿದ್ದೋರು ಬಹಳ ಜನ ಮುಸ್ಲಿಮರು. ಸಾಹೇಬ್ರೇ, ಮಾರ್ಕೆಟ್‌ಗೆ ಬರ್ತೀರಾ ಅಂತ ಕೇಳ್ತಿದ್ವಿ.” ನೋಡಿ, ಇಲ್ಲಿ ರಿಕ್ಷಾದವನು ನನ್ನನ್ನ ‘ಸಾಬ್’ ಅಂತಾನೆ; ಅಲ್ಲಿ ಸಾಹೇಬ ಗಾಡಿ ಹೊಡೆಯುವವನು. ಮಾತು ಒಂದೇ, ಕೂತ ಜಾಗ ಬೇರೆ.

ಪದ್ಯ ಬಂದು ಐವತ್ತು ವರ್ಷಕ್ಕೆ, 1993ರಲ್ಲಿ, ತ.ರಾ.ಸು. ಕಾದಂಬರಿಗಳನ್ನು ಆಧರಿಸಿ ಟಿ.ಎಸ್. ನಾಗಾಭರಣ ‘ಆಕಸ್ಮಿಕ’ ಮಾಡಿದರು. ಸಾಹಿತ್ಯ, ಸಂಗೀತ ಎರಡೂ ಹಂಸಲೇಖ ಅವರದು. ಅವರು ಬಂಡಿಯನ್ನೂ ವಿಧಿಯನ್ನೂ ಉಳಿಸಿಕೊಂಡರು, ಕುದುರೆಯನ್ನು ಬಿಟ್ಟರು. ಆ ಜಾಗದಲ್ಲಿ ಬಂದದ್ದು ನಾಡು. ಬದುಕು ಎಲ್ಲೆಲ್ಲಿ ಅಲೆಸಿದರೂ ಹುಟ್ಟುವುದು, ಕಾಲಿಡುವುದು ಕನ್ನಡದ ನೆಲದಲ್ಲೇ ಆಗಬೇಕು ಅನ್ನೋ ಆಸೆ. ಹಾಡು ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿಯರನ್ನು ಹೆಸರಿಸಿ ನೆನೆಯುತ್ತದೆ. ಡಿವಿಜಿ ಹೆಸರು ಅಲ್ಲಿಲ್ಲ; ಅವರ ಗಾಡಿ ಮಾತ್ರ ಪಲ್ಲವಿಯಲ್ಲಿ ಓಡ್ತಾ ಇದೆ. ಮುಂದೆ ಜೀ ಕನ್ನಡದಲ್ಲಿ ಮನೆ ಜಗಳಗಳನ್ನು ಮಾತಾಡಿ ಬಗೆಹರಿಸುವ ಕಾರ್ಯಕ್ರಮಕ್ಕೂ ಆ ಪದ್ಯದ ಮೊದಲ ಪದಗಳೇ ಹೆಸರಾದವು. ಕಗ್ಗ ಬಿಡಿಸಿ ನೋಡದವರಿಗೂ ಸಾಲು ತಲುಪಿದ್ದು ಹೀಗೆ.

ಹಂಸಲೇಖ ತಪ್ಪು ಮಾಡಿದರು ಅಂತ ನಾನು ಹೇಳಲ್ಲ. ಕುದುರೆ ಇದ್ದಿದ್ದರೆ ನಾವು ಕುಣೀತಿರಲಿಲ್ಲ. ಆದರೆ ಹದಿಮೂರು ವರ್ಷದಲ್ಲಿ ಬೆಂಗಳೂರು, ಪುಣೆ, ಈಗ ಇಂದಿರಾಪುರಂ ಅಂತ ಪ್ರಾಜೆಕ್ಟ್ ಹೇಳಿದ ಕಡೆ ಓಡಿದ ನನಗೆ ಹಾಡಿನಷ್ಟೇ ಆ ಪದ್ಯವೂ ಬೇಕು. ಹಾಡು ಊರನ್ನು ನೆನಪಿಸುತ್ತೆ. ಪದ್ಯ ನನ್ನ ಸ್ಥಿತಿಯನ್ನು ಹೇಳುತ್ತೆ. ಅಷ್ಟಕ್ಕೇ ಬಿಡಲ್ಲ ಕೂಡ: ಮುಗ್ಗರಿಸಿ ಬಿದ್ದರೂ ಕೆಳಗೆ ಭೂಮಿ ಇದೆಯಲ್ಲ, ಪಾತಾಳ ಅಲ್ಲವಲ್ಲ ಅನ್ನೋ ಸಮಾಧಾನದಲ್ಲಿ ಮುಗಿಯುತ್ತೆ. ಯಾವ ಊರಿನ ಭೂಮಿ ಅಂತ ಡಿವಿಜಿ ಹೇಳಲಿಲ್ಲ.

ಬೆಳಿಗ್ಗೆ ಮಗಳಿಗೆ ಹೇಳಿದೆ, “ಕುದುರೆ ನಾನೇ ಕಣೇ.”

“ಹಂಗಾದ್ರೆ ನಾನು?”

“ನೀನು ಸದ್ಯಕ್ಕೆ ಗಾಡಿಯಲ್ಲಿ ಕೂತಿದೀಯ.”

ನಿಮ್ಮ ಮನೆಯಲ್ಲೂ ಹಾಡು ಹಾಕಿದ ಮೇಲೆ ಪದ್ಯವನ್ನೊಮ್ಮೆ ಮಕ್ಕಳಿಗೆ ಓದಿ ಹೇಳಿ. ಮುಂದಿನ ವಾರ ಸಿಗೋಣ.