ಮನಸ್ಸಿನ ಪುಸ್ತಕಗಳು ಕನ್ನಡಕ್ಕೆ ಬಂದ ದಾರಿ

ನಮ್ಮ ಶಾಲೆ ಐವತ್ತು ವರ್ಷ ಪೂರೈಸಿರುವ ಸಂಭ್ರಮದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಕೇಳಿದರು. ನಾನು ಓದಿದ್ದು ಬಿ.ಇ., ಮಾಡುತ್ತಿರುವುದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಕಂಪ್ಯೂಟರ್ ಬಗ್ಗೆ ಬರೆಯುತ್ತೇನೆಂದು ಅವರು ಅಂದುಕೊಂಡಿರಬಹುದು. ಆದರೆ ಬಿಡುವಿನಲ್ಲಿ ನಾನು ಹೆಚ್ಚಾಗಿ ಓದುವುದು ಮನಃಶಾಸ್ತ್ರದ ಪುಸ್ತಕಗಳನ್ನು. ಮನುಷ್ಯ ಏಕೆ ಹೀಗೆ ವರ್ತಿಸುತ್ತಾನೆ, ಮಗು ಹೇಗೆ ಬೆಳೆಯುತ್ತದೆ, ವ್ಯಕ್ತಿತ್ವ ಎಂದರೇನು ಎಂಬ ಪ್ರಶ್ನೆಗಳು ಹೈಸ್ಕೂಲಿನ ಪ್ರತಿ ಕೊಠಡಿಯಲ್ಲೂ ಇರುವಂಥವು. ಈ ವಿದ್ಯೆ ನಮ್ಮ ನಾಡಿಗೆ, ನಮ್ಮ ಭಾಷೆಗೆ ಬಂದ ಕಥೆಯನ್ನು ನನಗೆ ತಿಳಿದಷ್ಟು ಇಲ್ಲಿ ಹೇಳುತ್ತೇನೆ.

ಕಥೆ ಮೈಸೂರಿನಿಂದ ಆರಂಭವಾಗುತ್ತದೆ. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗ ಆರಂಭವಾಯಿತು. ಭಾರತದಲ್ಲೇ ಇದು ಬಹಳ ಹಳೆಯ ವಿಭಾಗಗಳಲ್ಲಿ ಒಂದು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಓದಿ ಬಂದಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ರೇಡಿಯೋ ಕೇಂದ್ರವನ್ನು ನಡೆಸಿದವರೂ ಇವರೇ. ಇಂದು ದೇಶದ ರೇಡಿಯೋಗೆಲ್ಲ ಹೆಸರಾಗಿರುವ ಆ ಪದ ಮೊದಲು ಕೇಳಿಸಿದ್ದು ಒಬ್ಬ ಮನಃಶಾಸ್ತ್ರದ ಮೇಷ್ಟ್ರ ಮನೆಯಿಂದ ಎಂಬುದು ನಮ್ಮ ಹೆಮ್ಮೆ. ಅದೇ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಬಿ. ಕುಪ್ಪುಸ್ವಾಮಿ ಅವರು ಮಗುವಿನ ಬೆಳವಣಿಗೆ, ಶಿಕ್ಷಣ ಮತ್ತು ಸಮಾಜದ ಮನಃಶಾಸ್ತ್ರ ಕುರಿತು ಬರೆದ ಇಂಗ್ಲಿಷ್ ಪಠ್ಯಗಳು ದೇಶದ ಅನೇಕ ಕಾಲೇಜುಗಳನ್ನು ತಲುಪಿದವು. ವಿದ್ಯೆ, ಉದ್ಯೋಗ, ಆದಾಯ ನೋಡಿ ಕುಟುಂಬದ ಸ್ಥಿತಿಗತಿ ಅಳೆಯುವ ‘ಕುಪ್ಪುಸ್ವಾಮಿ ಮಾಪಕ’ವನ್ನು ನಮ್ಮ ವೈದ್ಯಕೀಯ ಕಾಲೇಜುಗಳ ಸಂಶೋಧಕರು ಇವತ್ತಿಗೂ ಬಳಸುತ್ತಾರೆ.

ಇನ್ನೊಂದು ಎಳೆ ಧಾರವಾಡದ್ದು. ನನಗೆ ಈ ಇಡೀ ಇತಿಹಾಸದಲ್ಲಿ ಅತ್ಯಂತ ಮುಖ್ಯವೆನಿಸುವುದು ಇದೇ. 1905ರಲ್ಲಿ ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ ಎಂಬ ವಿಜ್ಞಾನಿ ತನ್ನ ಸಹೋದ್ಯೋಗಿ ಸಿಮೊನ್ ಜೊತೆ ಬುದ್ಧಿಶಕ್ತಿಯ ಪರೀಕ್ಷೆಯೊಂದನ್ನು ರೂಪಿಸಿದ. ಶಾಲೆಯಲ್ಲಿ ಯಾವ ಮಕ್ಕಳಿಗೆ ಹೆಚ್ಚಿನ ಸಹಾಯ ಬೇಕೆಂದು ಗುರುತಿಸುವುದು ಅದರ ಉದ್ದೇಶ. ಮಗುವಿನ ಹಣೆಬರಹ ಬರೆಯುವುದಲ್ಲ. ಬುದ್ಧಿ ಹುಟ್ಟಿನಿಂದಲೇ ನಿಗದಿಯಾಗಿದ್ದು, ಬೆಳೆಯುವುದೇ ಇಲ್ಲ ಎಂಬ ವಾದವನ್ನು ಬಿನೆ ಬಲವಾಗಿ ವಿರೋಧಿಸಿದ್ದ. ಆ ಪರೀಕ್ಷೆ ಅಮೆರಿಕಕ್ಕೆ ಹೋಗಿ 1916ರಲ್ಲಿ ಹೊಸ ರೂಪ ಪಡೆಯಿತು. ಅದನ್ನು ಹಾಗೇ ತಂದು ನಮ್ಮ ಮಕ್ಕಳಿಗೆ ಕೊಟ್ಟರೆ ಏನಾಗುತ್ತದೆ? ನೋಡದ ವಸ್ತುವಿನ ಹೆಸರು, ಕೇಳದ ಭಾಷೆಯ ಪ್ರಶ್ನೆ! ಜಾಣ ಮಗುವೂ ಸೋಲುತ್ತದೆ. ವಿ.ವಿ. ಕಾಮತ್ ಅವರು ಧಾರವಾಡ ಭಾಗದ ಕನ್ನಡ ಮತ್ತು ಮರಾಠಿ ಮಕ್ಕಳನ್ನು ಪರೀಕ್ಷಿಸಿ, ಅವರ ಭಾಷೆಗೆ, ಅವರ ಬದುಕಿಗೆ ಒಪ್ಪುವಂತೆ ಪರೀಕ್ಷೆಯನ್ನು ತಿದ್ದಿದರು. 1930ರ ದಶಕದಲ್ಲಿ ನಡೆದ ಈ ಕೆಲಸ ‘ಬಿನೆ-ಕಾಮತ್ ಪರೀಕ್ಷೆ’ ಎಂದು ಹೆಸರಾಗಿ, ದೇಶದ ಹಲವು ಆಸ್ಪತ್ರೆಗಳಲ್ಲಿ ಇನ್ನೂ ಬಳಕೆಯಲ್ಲಿದೆ.

ಇದನ್ನು ಓದುವಾಗಲೆಲ್ಲ ನನಗೆ ನೆನಪಾಗುವುದು ‘ದಡ್ಡ’ ಎಂಬ ಪದ. ನಮ್ಮ ಕಡೆ ಮನೆಯಲ್ಲಿ, ಬೀದಿಯಲ್ಲಿ, ನೆಂಟರ ಮುಂದೆ ಈ ಪದ ಎಷ್ಟು ಸಲೀಸಾಗಿ ಬರುತ್ತದೆ! ‘ಇವನ ತಲೆಗೆ ಓದು ಹತ್ತಲ್ಲ, ಗದ್ದೆ ಕೆಲಸಕ್ಕೆ ಹಚ್ಚಿ’ ಎಂದು ಮನೆಯವರೇ ತೀರ್ಮಾನಿಸಿ ಶಾಲೆ ಬಿಡಿಸಿದ ಹುಡುಗರು ನನ್ನ ಓರಗೆಯಲ್ಲೂ ಇದ್ದರು. ಅವರಲ್ಲೊಬ್ಬ ಇಂದು ಭತ್ತದ ಕಟಾವಿನ ಯಂತ್ರ ಕೆಟ್ಟು ನಿಂತರೆ ಗದ್ದೆಯಲ್ಲೇ ಬಿಚ್ಚಿ ಸರಿಮಾಡುತ್ತಾನೆ. ಎಲ್ಲಿ ತಪ್ಪಿದೆ ಎಂದು ಒಂದೊಂದೇ ಸಾಧ್ಯತೆ ತೆಗೆದುಹಾಕುತ್ತ ಹೋಗುವ ಅವನ ರೀತಿ, ನಾವು ಪ್ರೋಗ್ರಾಮಿನಲ್ಲಿ ದೋಷ ಹುಡುಕುವ ರೀತಿಯೇ. ಅವನನ್ನು ದಡ್ಡ ಎಂದವರು ಯಾವ ಪರೀಕ್ಷೆಯನ್ನೂ ಮಾಡಿರಲಿಲ್ಲ.

ಅಳೆಯುವ ಕೆಲಸ ಹೀಗೆ ಸಾಗಿದರೆ, ಸಾಮಾನ್ಯ ಓದುಗರಿಗೆ ಮನಸ್ಸನ್ನು ಕನ್ನಡದಲ್ಲಿ ವಿವರಿಸುವ ಕೆಲಸವನ್ನು ವೈದ್ಯರು ಕೈಗೆತ್ತಿಕೊಂಡರು. ‘ರಾಶಿ’ ಎಂದೇ ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯ ಪತ್ರಿಕೆ ತಂದವರು. ನಾಡನ್ನು ನಗಿಸಿದ ಈ ವೈದ್ಯರೇ ಮನೋವೈದ್ಯಕೀಯದ ಬಗ್ಗೆ ‘ಮನಮಂಥನ’ ಬರೆದರು. ಅದಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಥೆ, ಕಾದಂಬರಿ, ಕಾವ್ಯಗಳ ಸಾಲಿನಲ್ಲಿ ಮನಸ್ಸಿನ ಕಾಯಿಲೆಗಳ ಕುರಿತ ಪುಸ್ತಕವೊಂದು ನಿಂತದ್ದು ಸಣ್ಣ ಮಾತಲ್ಲ.

ಬೆಂಗಳೂರಿನಲ್ಲಿ 1974ರಲ್ಲಿ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸೇರಿ ನಿಮ್ಹಾನ್ಸ್ ಆಯಿತು. ಅಲ್ಲಿನ ವೈದ್ಯರು ರೋಗಿಗಳು ಬರಲೆಂದು ಕಾಯದೆ ಹಳ್ಳಿಗಳಿಗೆ ಹೋದರು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಅಲ್ಲೇ ಔಷಧಿ ಸಿಗುವ ಕಾರ್ಯಕ್ರಮ ಶುರುಮಾಡಿದರು. ಹರಿಹರದ ಪಕ್ಕದ ಹರಪನಹಳ್ಳಿ ಆಗ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಅಂದರೆ ಇದು ನಮ್ಮ ನೆರೆಯಲ್ಲೇ ನಡೆದ ಪ್ರಯೋಗ. ಇದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು.

ನಿಮ್ಹಾನ್ಸ್‌ನ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಹೆಸರು ನಮ್ಮ ಓದುಗರಿಗೆ ಹೊಸದಲ್ಲ. ಖಿನ್ನತೆ, ಆತಂಕ, ಗೀಳು, ಮಕ್ಕಳ ಕಲಿಕೆಯ ತೊಂದರೆ, ಪರೀಕ್ಷೆಯ ಭಯ, ಹೀಗೆ ಅವರು ಮುಟ್ಟದ ವಿಷಯ ಕಡಿಮೆ. ಸಣ್ಣ ಪುಸ್ತಕ, ಸಣ್ಣ ವಾಕ್ಯ, ಹೆದರಿಸದ ಧಾಟಿ. ‘ಹುಚ್ಚು’, ‘ದೆವ್ವ’, ‘ಮಾಟ’ ಎಂಬ ಮೂರು ಪದಗಳಲ್ಲೇ ಎಲ್ಲವನ್ನೂ ಹೇಳುತ್ತಿದ್ದ ಜನಕ್ಕೆ ಇಂಥ ಪುಸ್ತಕಗಳು ಬೇರೆ ಪದಗಳನ್ನು ಕೊಟ್ಟವು. ಹೆಸರು ಬದಲಾದರೆ ಹೋಗುವ ಬಾಗಿಲೂ ಬದಲಾಗುತ್ತದೆ. ದೆವ್ವ ಎಂದರೆ ಮಂತ್ರವಾದಿಯ ಬಾಗಿಲು, ಖಿನ್ನತೆ ಎಂದರೆ ಆಸ್ಪತ್ರೆಯ ಬಾಗಿಲು.

ವ್ಯಕ್ತಿತ್ವ ವಿಕಸನದ ಪುಸ್ತಕಗಳದ್ದು ಇನ್ನೊಂದು ಧಾರೆ. ಸ್ವಾಮಿ ಜಗದಾತ್ಮಾನಂದರ ‘ಬದುಕಲು ಕಲಿಯಿರಿ’ ಅನೇಕ ಮನೆಗಳಲ್ಲಿದೆ. ಇಂಥ ಪುಸ್ತಕಗಳು ಧೈರ್ಯ ಕೊಡುತ್ತವೆ, ಅದು ಬೇಕು. ಆದರೆ ‘ಮನಸ್ಸು ಮಾಡಿದರೆ ಎಲ್ಲವೂ ಸಾಧ್ಯ’ ಎಂಬ ಮಾತು ನಿಜವಾಗಿ ಕಾಯಿಲೆ ಇರುವವರಿಗೆ ಇನ್ನೊಂದು ಹೊರೆಯಾದೀತು. ಸ್ಫೂರ್ತಿಯ ಪುಸ್ತಕ ಬೇರೆ, ಶಾಸ್ತ್ರದ ಪುಸ್ತಕ ಬೇರೆ. ಎರಡನ್ನೂ ಓದಬೇಕು, ಒಂದನ್ನು ಇನ್ನೊಂದು ಎಂದು ತಿಳಿಯಬಾರದು.

ವ್ಯಕ್ತಿತ್ವದ ಬಗ್ಗೆ ಶಾಸ್ತ್ರ ನಡೆದ ದಾರಿ ನನ್ನಂಥ ಎಂಜಿನಿಯರನಿಗೆ ಖುಷಿ ಕೊಡುವಂಥದ್ದು. 1936ರಲ್ಲಿ ಆಲ್‌ಪೋರ್ಟ್ ಮತ್ತು ಆಡ್‌ಬರ್ಟ್ ಎಂಬಿಬ್ಬರು ಇಂಗ್ಲಿಷ್ ನಿಘಂಟಿನಿಂದ ಮನುಷ್ಯ ಸ್ವಭಾವ ಹೇಳುವ ಸುಮಾರು 18,000 ಪದಗಳನ್ನು ಪಟ್ಟಿಮಾಡಿದರು. ನಮ್ಮಲ್ಲೂ ಮುಂಗೋಪಿ, ಹಠಮಾರಿ, ಬಾಯಿಬಡುಕ, ಗುಮ್ಮನಗುಸುಕ ಎಂದೆಲ್ಲ ಪದಗಳಿಲ್ಲವೇ, ಹಾಗೆ. ಮುಂದಿನವರು ದಶಕಗಳ ಕಾಲ ಲೆಕ್ಕ ಹಾಕಿ, ಒಟ್ಟೊಟ್ಟಿಗೆ ಬರುವ ಗುಣಗಳನ್ನು ಗುಂಪು ಮಾಡಿ, ಕೊನೆಗೆ ಐದು ಮುಖ್ಯ ಗುಣಗಳಿಗೆ ತಂದರು. ಹೊಸತಿಗೆ ತೆರೆದುಕೊಳ್ಳುವುದು, ಶಿಸ್ತು, ಜನರೊಡನೆ ಬೆರೆಯುವುದು, ಹೊಂದಿಕೊಳ್ಳುವುದು, ಬೇಗ ಕಳವಳಗೊಳ್ಳುವುದು. ಮುಖ್ಯ ವಿಷಯವೆಂದರೆ ಇವು ಡಬ್ಬಗಳಲ್ಲ. ಎಲ್ಲರಲ್ಲೂ ಎಲ್ಲವೂ ಇವೆ, ಪ್ರಮಾಣ ಬೇರೆ. ಒಂದೇ ಪದದ ಚೀಟಿ ಅಂಟಿಸಿ ಮನುಷ್ಯನನ್ನು ಮುಗಿಸಲಾಗದು.

ನಮ್ಮ ಗುರುಗಳು ಬಿ.ಎಡ್.ನಲ್ಲಿ ಪಿಯಾಜೆ, ಎರಿಕ್‌ಸನ್ ಅವರನ್ನು ಕನ್ನಡದಲ್ಲೇ ಓದಿ ಬಂದವರು. ಹನ್ನೊಂದು ಹನ್ನೆರಡರ ಹೊತ್ತಿಗೆ ಮಗು ಕಣ್ಣಿಗೆ ಕಾಣದ್ದನ್ನು ತರ್ಕದಿಂದ ಯೋಚಿಸಲು ತೊಡಗುತ್ತದೆ ಎಂದವನು ಪಿಯಾಜೆ. ಹದಿಹರೆಯದ ದೊಡ್ಡ ಪ್ರಶ್ನೆ ‘ನಾನು ಯಾರು?’ ಎಂಬುದೇ ಎಂದವನು ಎರಿಕ್‌ಸನ್. ಎಂಟರಿಂದ ಹತ್ತನೇ ತರಗತಿಯ ಮಕ್ಕಳು ಸರಿಯಾಗಿ ಈ ಘಟ್ಟದಲ್ಲಿರುತ್ತಾರೆ. ಆ ವಯಸ್ಸಿನ ಮಗು ‘ನಾನು ಯಾರು?’ ಎಂದು ಕೇಳಿಕೊಳ್ಳುವಾಗ ಮನೆಯಿಂದ, ಊರಿನಿಂದ ಬರುವ ಉತ್ತರ ‘ನೀನು ದಡ್ಡ’ ಎಂದಾದರೆ, ಅದು ಅದನ್ನೇ ನಂಬಿಬಿಡುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ ಮನೆಯ ಪಡಸಾಲೆಗೆ ಕಾಯ್ದೆ ಬರುವುದಿಲ್ಲ, ಪುಸ್ತಕ ಬರಬಹುದು.

ಆದ್ದರಿಂದ ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ಕೋರಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಗ್ರಂಥಾಲಯದಲ್ಲಿ ಕನ್ನಡದ ಮನಃಶಾಸ್ತ್ರ ಪುಸ್ತಕಗಳದ್ದೇ ಒಂದು ಕಪಾಟು ಇಡೋಣ. ಬೀಗ ಹಾಕದ ಕಪಾಟು. ಮಕ್ಕಳು ಮನೆಗೆ ಒಯ್ಯಲಿ, ಅಪ್ಪ ಅವ್ವನೂ ತಿರುವಿ ಹಾಕಲಿ. ಕಪಾಟಿನ ಬಾಗಿಲ ಮೇಲೆ 14416 ಎಂಬ ಸಂಖ್ಯೆಯನ್ನು ದೊಡ್ಡದಾಗಿ ಬರೆಸೋಣ. ಅದು 2022ರಲ್ಲಿ ಆರಂಭವಾದ ಸರ್ಕಾರದ ‘ಟೆಲಿ ಮಾನಸ್’ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಮೊದಲ ಕಂತಿನ ಪುಸ್ತಕಗಳನ್ನು ಕೊಡುವ ಜವಾಬ್ದಾರಿ ನನ್ನದು.

ಗದ್ದೆ, ಅಂಗಡಿ, ಗಿರಣಿಗಳ ಮನೆಗಳಿಂದ ಬಂದ ನಮಗೆ ಅಕ್ಷರದ ಜೊತೆ ಆತ್ಮವಿಶ್ವಾಸವನ್ನೂ ಕೊಟ್ಟ ಎಲ್ಲ ಗುರುವೃಂದಕ್ಕೆ ನಮಸ್ಕಾರಗಳು. ಶಾಲೆ ನೂರು ಕಾಣಲಿ. ಅಷ್ಟರಲ್ಲಿ ‘ದಡ್ಡ’ ಎಂಬ ಪದ ಮಲೆಬೆನ್ನೂರಿನ ಮಕ್ಕಳಿಗೆ ನಿಘಂಟಿನಲ್ಲಿ ಹುಡುಕಬೇಕಾದ ಹಳೆಯ ಪದವಾಗಿರಲಿ.