ಮೂರನೆಯ ಪಾದದ ವಿದ್ಯೆ

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಚರಕಸಂಹಿತೆಯ ಸೂತ್ರಸ್ಥಾನವು ಹೇಳುವುದು: ವೈದ್ಯ, ಔಷಧ, ಉಪಸ್ಥಾತೃ, ರೋಗಿ. ರೋಗಿಯ ಬಳಿಯಲ್ಲಿ ನಿಂತು ಉಪಚರಿಸುವವನೇ ಉಪಸ್ಥಾತೃ. ಅವನಿಗೆ ವಿಧಿಸಿದ ಗುಣಗಳೂ ನಾಲ್ಕು. ದಕ್ಷತೆ, ಅನುರಾಗ, ಶೌಚಗಳಿಗಿಂತ ಮೊದಲು ಎಣಿಸಿರುವುದು ಉಪಚಾರಜ್ಞತೆಯನ್ನು. ಸೇವೆಗೆ ಮನಸ್ಸೊಂದಿದ್ದರೆ ಸಾಕು, ವಿದ್ಯೆಯೇಕೆ ಎನ್ನುವವರಿಗೆ ಇದಕ್ಕಿಂತ ಹಳೆಯ ಉತ್ತರವನ್ನು ನಾನು ಕಾಣೆನು.

ನಮ್ಮ ಸೀಮೆಗೆ ಈ ಜ್ಞಾನದ ಅಗತ್ಯವು ಹೊಸದಲ್ಲ. 1799ರಲ್ಲಿ ಶ್ರೀರಂಗಪಟ್ಟಣವನ್ನು ಗೆದ್ದ ಇಂಗ್ಲಿಷರ ದಂಡು ದ್ವೀಪದ ಚಳಿಜ್ವರಕ್ಕೆ ಸೋತು, ಕೆಲವೇ ವರ್ಷಗಳಲ್ಲಿ ಬೆಂಗಳೂರಿಗೆ ಹೊರಟುಹೋಯಿತು. ಆದರೆ ಊರಿನ ಪ್ರಜೆಗಳು ಹೊರಡುವುದೆಲ್ಲಿಗೆ? ಅವರ ಹಾಸಿಗೆಯ ಬಳಿ ರಾತ್ರಿಯೆಲ್ಲ ಕುಳಿತವರು ತಾಯಂದಿರೂ ಅಜ್ಜಿಯರೂ. ಅನುರಾಗಕ್ಕೆ ಕೊರತೆಯಿರಲಿಲ್ಲ, ಕೊರತೆಯಿದ್ದುದು ಮೊದಲನೆಯ ಗುಣಕ್ಕೆ.

ಆ ಜ್ಞಾನವನ್ನು ಶಾಲೆಯಲ್ಲಿ ಕಲಿಸಬಹುದೆಂಬುದನ್ನು ಫ್ಲಾರೆನ್ಸ್ ನೈಟಿಂಗೇಲ್ ಅವರು 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತೋರಿಸಿದರು. ಭರತಖಂಡದಲ್ಲಿ ಈ ವಿದ್ಯೆಗೆ ಪದವಿಯ ಮಾನ್ಯತೆ ದೊರೆತುದು 1946ರಲ್ಲಿ, ದೆಹಲಿ ಮತ್ತು ವೆಲ್ಲೂರುಗಳಲ್ಲಿ. ಮರುವರ್ಷವೇ ನರ್ಸಿಂಗ್ ಕೌನ್ಸಿಲ್ಲಿನ ಕಾಯಿದೆಯಾಯಿತು. 1959ರಲ್ಲಿ ದೆಹಲಿಯಲ್ಲಿ ಸ್ನಾತಕೋತ್ತರ ವ್ಯಾಸಂಗವೂ ತೊಡಗಿತು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾದ ಮಾನಸಿಕ ಆರೋಗ್ಯ ಸಂಸ್ಥೆಯು, ಆಗಲೇ ದಾದಿಯರಾಗಿದ್ದವರನ್ನು ಮತ್ತೆ ವಿದ್ಯಾರ್ಥಿನಿಯರನ್ನಾಗಿ ಬರಮಾಡಿಕೊಂಡು ಮನೋರೋಗಿಗಳ ಶುಶ್ರೂಷೆಯಲ್ಲಿ ಡಿಪ್ಲೊಮಾ ನೀಡತೊಡಗಿತು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವು ಹುಟ್ಟಿತು. ನಾಗಮಂಗಲ ತಾಲ್ಲೂಕಿನಲ್ಲಿ ಆದಿಚುಂಚನಗಿರಿಯ ಆಶ್ರಯದಲ್ಲಿ 1980ರ ದಶಕದಲ್ಲಿ ವೈದ್ಯವಿದ್ಯಾಲಯವೇ ತಲೆಯೆತ್ತಿತು. ದೂರದ ವಿದ್ಯೆ ಮನೆಯಂಗಳಕ್ಕೆ ಬಂದಿತೆನ್ನಬೇಕು.

ಇಷ್ಟಾದರೂ ಕಲಿತವಳು ಪುನಃ ಕಲಿಯಹೊರಟರೆ ಮನೆಯವರ ಹುಬ್ಬು ಗಂಟಿಕ್ಕುವುದು ತಪ್ಪಿಲ್ಲ. ಕೃಷ್ಣರಾಜಪೇಟೆಯ ಕಡೆಯ ನನ್ನ ಶಿಷ್ಯೆಯೊಬ್ಬಳು ಡಿಪ್ಲೊಮಾ ಪಡೆದು ಹನ್ನೆರಡು ವರ್ಷ ದಾದಿಯಾಗಿದ್ದವಳು. ಮುಂದೆ ಓದಬೇಕಾದರೆ ಬಿ.ಎಸ್‌ಸಿ.ಗೆ ಎರಡು ವರ್ಷ, ಎಂ.ಎಸ್‌ಸಿ.ಗೆ ಮತ್ತೆರಡು ವರ್ಷ. ಸಂಬಳ ನಿಲ್ಲುವುದು, ಮಕ್ಕಳು ಚಿಕ್ಕವರು. ಪಾಂಡವಪುರದಲ್ಲಿದ್ದ ಅತ್ತೆಯವರು, "ಈ ವಯಸ್ಸಿನಲ್ಲಿ ಚೀಲ ಹೊತ್ತು ಶಾಲೆಗೆ ಹೋಗುವೆಯಾ?" ಎಂದರಂತೆ. ಅವಳು ನನ್ನಲ್ಲಿ ಸಲಹೆ ಕೇಳಬಂದಾಗ ನನಗೂ ಒಂದು ಶಂಕೆಯಿತ್ತು. ಹೆಚ್ಚು ಓದಿದವಳು ಪಾಠ ಹೇಳುವ ಪೀಠಕ್ಕೇರುವಳು. ರೋಗಿಯ ಹಾಸಿಗೆಯ ಬಳಿ ಉಳಿಯುವವರಾರು? ಅದನ್ನು ಮರೆಮಾಚದೆ ಕೇಳಿದೆನು. ಅವಳೆಂದಳು: "ಮೇಷ್ಟರೇ, ನಾನೊಬ್ಬಳೇ ನಿಂತರೆ ಒಂದು ವಾರ್ಡು. ನಲವತ್ತು ಜನರಿಗೆ ಸರಿಯಾಗಿ ಕಲಿಸಿದರೆ ನಲವತ್ತು ವಾರ್ಡು."

ನಾಲ್ಕು ದಶಕಗಳ ಕಾಲ ಪಾಠ ಹೇಳಿದ ನನಗೆ ಈ ಲೆಕ್ಕವು ಹೊಳೆಯದೆ ಹೋದುದಕ್ಕೆ ನಾಚಿಕೆಯಾಯಿತು. ನನ್ನ ಶಂಕೆಯು ಪೂರ್ತಿಯಾಗಿ ಹೋಗಿಲ್ಲ. ಹಾಸಿಗೆಯ ಬಳಿಯೇ ಉಳಿದ ವಿದುಷಿಗೂ ತಕ್ಕ ಮಾನವೂ ವೇತನವೂ ದೊರೆತಂದೇ ಅದು ಹೋದೀತು. ಆದರೆ ಹೋಗಬೇಡವೆಂದು ಹೇಳುವ ಅಧಿಕಾರ ನನಗಿರಲಿಲ್ಲ. ಅವಳು ಹೋದಳು, ಮಕ್ಕಳನ್ನು ನೋಡಿಕೊಂಡವರು ಆ ಅತ್ತೆಯವರೇ.